ಹಬ್ಬ ಬಿಟ್ಟ ಮನೆ

ಏಳನೆಯವನ ಮಾತು ನನ್ನ ಕಿವಿಗೆ ಬಿದ್ದದ್ದು ಡಿಸೆಂಬರ್ ತಿಂಗಳ ಒಂದು ಮಂಗಳವಾರ, ಬೆಳಗಿನ ಹನ್ನೊಂದರ ಹೊತ್ತಿಗೆ. ಮಗಳು ತನ್ಮಯಿ ಶಾಲೆಗೆ ಹೋಗಿದ್ದಳು, ಗಂಡ ನಚಿಕೇತ ಆಫೀಸಿಗೆ. ಕುಕ್ಕರಿನಲ್ಲಿ ಬೇಳೆ ಇಟ್ಟು, ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು, ಒಂದು ಕಿವಿಗೆ ಮಾತ್ರ ಹೆಡ್‌ಫೋನ್ ಸಿಕ್ಕಿಸಿಕೊಂಡು ಕೂತಿದ್ದೆ. ಇನ್ನೊಂದು ಕಿವಿ ಕುಕ್ಕರಿನ ಸೀಟಿಗೆ.

ನನ್ನ ಕೆಲಸ ಇಷ್ಟೇ. ಒಂದು ಸಂಶೋಧನಾ ಕೇಂದ್ರದವರು ಕೆಲವು ಗಂಡಸರನ್ನು ಕೂರಿಸಿಕೊಂಡು ಮಾತಾಡಿಸಿ ಧ್ವನಿಮುದ್ರಣ ಮಾಡುತ್ತಿದ್ದರು. ನಾನು ಅದನ್ನು ಕೇಳಿ, ಅಂದದ್ದನ್ನು ಅಂದ ಹಾಗೆಯೇ ಟೈಪ್ ಮಾಡಿ ಕೊಡಬೇಕಿತ್ತು. ಆ ಗಂಡಸರೆಲ್ಲ ಮಕ್ಕಳ ಕಡೆಗೆ ಮನಸ್ಸು ಎಳೆಯುವವರು. ಎಳೆಯುತ್ತದೆ, ಆದರೆ ಯಾವ ಮಗುವನ್ನೂ ಮುಟ್ಟಿಲ್ಲ, ಮುಂದೆಯೂ ಮುಟ್ಟದ ಹಾಗೆ ಇರಲು ದಾರಿ ತೋರಿಸಿ ಎಂದು ತಾವಾಗಿಯೇ ಬಂದವರು. ಯಾರಿಗೂ ಹೆಸರಿಲ್ಲ, ನಂಬರು ಮಾತ್ರ. ದನಿಯನ್ನೂ ಬದಲಾಯಿಸಿರುತ್ತಿದ್ದರು. ಡ್ರಮ್ಮಿನೊಳಗೆ ಕೂತು ಮಾತಾಡಿದ ಹಾಗೆ ಕೇಳುತ್ತಿತ್ತು.

ಕೆಲಸ ಕೊಟ್ಟ ಹುಡುಗಿ ಲಿಖಿತಾ. ಮೂವತ್ತು ದಾಟಿರಲಿಕ್ಕಿಲ್ಲ. ಮೊದಲ ದಿನವೇ ಹೇಳಿದ್ದಳು: "ಮೇಡಂ, ಅವರು ಹೇಳಿದ್ದಷ್ಟೇ ಬರೀರಿ. ಬೈಗುಳ ಸೇರಿಸ್ಬೇಡಿ. ಹಿಂದೆ ಟೈಪ್ ಮಾಡ್ತಿದ್ದೋರು ಅಲ್ಲಲ್ಲಿ ಬ್ರಾಕೆಟ್ ಹಾಕಿ 'ಥೂ' ಅಂತ ಬರೆದ್ಬಿಟ್ಟಿದ್ರು."

ನಾನು ನಕ್ಕಿದ್ದೆ. ನಾನು ಹಾಗೆಲ್ಲ ಬರೆಯುವವಳಲ್ಲ. ನಮ್ಮ ಮನೆಯಲ್ಲಿ ಎಲ್ಲರೂ ಹೇಳುವುದು ಹಂಸಾಗೆ ತಾಳ್ಮೆ ಜಾಸ್ತಿ ಎಂದೇ. ತಾಳ್ಮೆ ಇತ್ತು, ನಿಜ. ಆದರೆ ಆ ಕೆಲಸವನ್ನು ಒಪ್ಪಿಕೊಂಡದ್ದು ತಾಳ್ಮೆಯಿಂದಲ್ಲ. ಸಿದ್ದಾಪುರದ ಮನೆಯಲ್ಲಿದ್ದಾಗ, ನನಗೆ ಹತ್ತು ವರ್ಷ, ಅಪ್ಪನ ಸ್ನೇಹಿತರೊಬ್ಬರು ನನಗೆ ಗಣಿತ ಹೇಳಿಕೊಡಲು ಬರುತ್ತಿದ್ದರು. ದೊಡ್ಡಪ್ಪ ಎಂದು ಕರೆಯುತ್ತಿದ್ದೆ. ಮೂರು ತಿಂಗಳು ಬಂದರು. ಅದಕ್ಕಿಂತ ಹೆಚ್ಚು ಬರೆಯಲಾರೆ. ಅವರು ಎಂಬತ್ತೊಂದನೆಯ ವಯಸ್ಸಿನಲ್ಲಿ ತಮ್ಮ ಹಾಸಿಗೆಯಲ್ಲೇ, ಮಕ್ಕಳು ಮೊಮ್ಮಕ್ಕಳು ಸುತ್ತ ಇರುವಾಗ, ಸುಖವಾಗಿ ಸತ್ತರು. ಹದಿಮೂರನೆಯ ದಿನ ಅಪ್ಪ ಎದ್ದು ನಿಂತು ಅವರ ಗುಣಗಾನ ಮಾಡಿದರು. ಪಾಯಸದ ಸೌಟು ಹಿಡಿದು ಬಾಗಿಲಲ್ಲಿ ನಿಂತು ನಾನು ಅದನ್ನು ಪೂರ್ತಿ ಕೇಳಿದೆ. ಅಂದಿನಿಂದ ನನ್ನೊಳಗೆ ಒಂದು ಏಟು ಕೈ ಎತ್ತಿಕೊಂಡು ನಿಂತೇ ಇದೆ. ಬೀಳಲು ಬೆನ್ನು ಸಿಕ್ಕಿರಲಿಲ್ಲ.

ಏಳನೆಯವನು ಹೇಳುತ್ತಿದ್ದ, ನಾನು ಟೈಪ್ ಮಾಡುತ್ತಿದ್ದೆ:

"ಮನೆ ಹುಡುಕುವಾಗ ಮಕ್ಕಳಿಲ್ಲದ ಮನೇನೇ ನೋಡಿ ಹಿಡಿದೆ. ಕೆಳಗೆ ಓನರು, ಅವರ ಹೆಂಡ್ತಿ, ವಯಸ್ಸಾದೋರು ಇಬ್ಬರೇ. ಆದ್ರೆ ಮೊದಲನೇ ವರ್ಷ ಸಂಕ್ರಾಂತಿಗೆ ಬೀದಿ ಪುಟ್ಟ ಹೆಣ್ಮಕ್ಕಳೆಲ್ಲ ಎಳ್ಳಿನ ತಟ್ಟೆ ಹಿಡ್ಕೊಂಡು ಮೆಟ್ಲು ಹತ್ತಿ ಬಂದ್ಬಿಟ್ರು. ನನಗೆ ಕೈಕಾಲು ತಣ್ಣಗಾಯ್ತು. ಮಾರನೇ ವರ್ಷ ಒಂದು ಸುಳ್ಳು ಹೇಳಿದೆ. ನಮ್ಮ ತಾಯಿ ಸಂಕ್ರಾಂತಿ ದಿನಾನೇ ಹೋದ್ರು, ಅದಕ್ಕೇ ನಮ್ಮಲ್ಲಿ ಹಬ್ಬ ಬಿಟ್ಟಿದೆ ಅಂತ. ಓನರಮ್ಮನಿಗೆ ಹೇಳಿದ್ರೆ ಸಾಕು, ಬೀದಿಗೆಲ್ಲ ಗೊತ್ತಾಗುತ್ತೆ. ಆಮೇಲೆ ಯಾರೂ ಬರ್ಲಿಲ್ಲ. ಎದುರುಮನೆಯವರು ಮಾತ್ರ, ಪಾಪ, ಹಬ್ಬ ಇಲ್ಲದ ಮನೆ ಅಂತ ಮಗು ಕೈಲಿ ಒಂದು ಡಬ್ಬಿ ಕಳಿಸ್ತಾರೆ. ಪ್ರತಿ ವರ್ಷಾನೂ ಕಳಿಸ್ತಾರೆ. ನಾನು ಕಿಟಕಿಯಿಂದಾನೇ, ಗೇಟ್ ಹತ್ರ ಇಟ್ಬಿಡಮ್ಮ ಅಂತೀನಿ. ಬಚ್ಚಲಿಗೆ ಹೋಗಿ, ಚಿಲಕ ಹಾಕ್ಕೊಂಡು, ನಲ್ಲಿ ಬಿಟ್ಕೊಂಡು ನಿಂತ್ಕೋತೀನಿ."

ನಿಂತ್ಕೋತೀನಿ ಎಂದು ಬರೆದು ಚುಕ್ಕಿ ಇಟ್ಟೆ. ಆಮೇಲೆ ಅರ್ಥವಾಯಿತು.

ನಮ್ಮಲ್ಲಿ ಹಾಗೊಂದು ಪದ್ಧತಿ. ಹಬ್ಬದ ದಿನ ಮನೆಯಲ್ಲಿ ಸಾವಾದರೆ ಆ ಹಬ್ಬವನ್ನು ಅಲ್ಲಿಗೆ ಬಿಡುತ್ತಾರೆ. ಮತ್ತೆ ಅದೇ ದಿನ ಆ ಮನೆಯಲ್ಲೊಂದು ಮಗು ಹುಟ್ಟುವವರೆಗೆ ಹಬ್ಬವಿಲ್ಲ. ಅಂಥ ಮನೆಗೆ ಎಳ್ಳು ಬೀರಲು ಹೋಗುವುದಿಲ್ಲ. ಆದರೆ ನನ್ನ ಅಮ್ಮ, ಹಬ್ಬ ಬಿಟ್ಟ ಮನೆಯವರ ಬಾಯಿ ಅಂದು ಬರಿದಾಗಿರಬಾರದು ಎಂದು, ಸದ್ದಿಲ್ಲದೆ ಒಂದು ಪಾಲು ಕಳಿಸಿಕೊಡುತ್ತಿದ್ದರು. ನಾನೂ ಅದನ್ನೇ ಕಲಿತಿದ್ದೆ. ಎದುರುಮನೆಯ ಮಹಡಿಯ ಬದರಿನಾಥ ಅವರ ತಾಯಿ ಸಂಕ್ರಾಂತಿಯ ದಿನ ತೀರಿಕೊಂಡರಂತೆ ಎಂದು ಆ ಮನೆಯ ಒಡತಿ ಲಕ್ಷ್ಮಿದೇವಮ್ಮ ಬಂದು ಹೇಳಿದಾಗ ನನ್ನ ಕಣ್ಣು ಒದ್ದೆಯಾಗಿತ್ತು. ನಾಲ್ಕು ವರ್ಷ, ತನ್ಮಯಿಗೆ ಐದಿದ್ದಾಗಿನಿಂದ, ಅವಳಿಗೆ ರೇಷ್ಮೆ ಲಂಗ ಉಡಿಸಿ, ಜಡೆಗೆ ಹೂ ಮುಡಿಸಿ, ಡಬ್ಬಿ ತುಂಬಿಸಿ, "ಆ ಅಂಕಲ್‌ಗೆ ಹಬ್ಬ ಇಲ್ಲ ಪುಟ್ಟಾ, ಮೊದ್ಲು ಅವರಿಗೆ ಕೊಟ್ಟು ಬಾ" ಎಂದು ಕಳಿಸಿದವಳು ನಾನೇ.

ಬೇಳೆ ತಳ ಹತ್ತಿದ ವಾಸನೆ ಬಂದಮೇಲೆ ಎದ್ದೆ.

ಬದರಿನಾಥ ಅವರಿಗೆ ನಲವತ್ತರ ಆಸುಪಾಸು. ಇನ್ಶೂರೆನ್ಸ್ ಕಂಪನಿಯೊಂದಕ್ಕೆ ಅಪಘಾತವಾದ ಗಾಡಿಗಳನ್ನು ನೋಡಿ ವರದಿ ಬರೆಯುವ ಕೆಲಸ. ತೆಳ್ಳಗೆ, ತಲೆ ತಗ್ಗಿಸಿ ನಡೆಯುವ ಮನುಷ್ಯ. ಡಬ್ಬಿಯನ್ನು ತೊಳೆದು, ಒಳಗೆ ಒಂದು ಹಿಡಿ ಸಕ್ಕರೆ ಹಾಕಿ, ಲಕ್ಷ್ಮಿದೇವಮ್ಮನ ಕೈಲಿ ವಾಪಸು ಕಳಿಸುತ್ತಿದ್ದರು. ಎಂದೂ ತಾವಾಗಿ ತಂದವರಲ್ಲ. ಸಂಕೋಚದ ಮನುಷ್ಯ ಎಂದುಕೊಂಡಿದ್ದೆ. ಒಳ್ಳೆಯವರು ಎಂದುಕೊಂಡಿದ್ದೆ.

ಆ ಸಂಜೆ ತನ್ಮಯಿಯ ತಲೆಗೆ ಎಣ್ಣೆ ಹಚ್ಚುತ್ತಾ ಕೇಳಿದೆ. ಮುಖ ಕಾಣದ ಹಾಗೆ ಹಿಂದೆ ಕೂತು ಕೇಳಿದರೆ ಮಕ್ಕಳು ಸಲೀಸಾಗಿ ಹೇಳುತ್ತಾರೆ.

"ಎದುರುಮನೆ ಅಂಕಲ್ ನಿನ್ ಜೊತೆ ಮಾತಾಡ್ತಾರಾ ಪುಟ್ಟಾ?"

"ಇಲ್ಲ. ಅವರು ಬೋರ್."

"ಎಳ್ಳು ಕೊಡೋಕೆ ಹೋದಾಗ?"

"ಗೇಟ್ ಹತ್ರ ಇಡು ಅಂತಾರೆ. ಒಂದ್ಸಲ ನಾನು ಇಟ್ಟಿದ್ದನ್ನ ಬೆಕ್ಕು ಬೀಳಿಸ್ಬಿಡ್ತು. ಆಗ್ಲೂ ಅವರು ಕೆಳಗೆ ಬರ್ಲೇ ಇಲ್ಲ. ಅಜ್ಜಿನೇ ಎತ್ತಿಟ್ರು."

"ಯಾವತ್ತಾದ್ರೂ ಒಳಗೆ ಬಾ ಅಂದಿದಾರಾ? ಚಾಕ್ಲೇಟ್, ಏನಾದ್ರೂ?"

"ಅಯ್ಯೋ ಅಮ್ಮ, ಅವರು ನನ್ ಮುಖ ಕೂಡ ನೋಡಲ್ಲ. ಎಷ್ಟು ಎಣ್ಣೆ ಹಾಕ್ತೀಯಾ, ಕಿವಿಗೆ ಇಳೀತಿದೆ."

ಕಿವಿ ಒರೆಸಿದೆ. ಉಸಿರು ಬಂತು. ನನ್ನ ಮಗು ನನ್ನ ಮುಂದೆ ಇಡಿಯಾಗಿ ಕೂತಿತ್ತು. ಅವಳನ್ನು ತಬ್ಬಿಕೊಂಡು ತುಂಬ ಹೊತ್ತು ಬಿಡಲಿಲ್ಲ. ಆದರೆ ರಾತ್ರಿಯ ಅಡಿಗೆಗೆ ತರಕಾರಿ ಹೆಚ್ಚುತ್ತಿದ್ದಾಗ ಇನ್ನೊಂದು ಭಾವನೆ ಮೇಲೆ ಬಂತು. ಅದಕ್ಕೆ ನನಗೆ ನಾಚಿಕೆಯಾಯಿತು, ಆದರೂ ಅದು ಹೋಗಲಿಲ್ಲ. ನನಗೆ ನಿರಾಸೆಯಾಗಿತ್ತು. ಆತ ಒಂದು ಸಣ್ಣ ತಪ್ಪು ಮಾಡಿದ್ದರೂ ಸಾಕಿತ್ತು, ಒಂದು ಚಾಕ್ಲೇಟು, ತಲೆ ಸವರಿದ್ದು, ಏನಾದರೂ. ಪೊಲೀಸರಿದ್ದರು, ಕಾನೂನಿತ್ತು, ನನ್ನ ಎರಡು ಕೈಗಳಿದ್ದವು. ಈಗ ಯಾವುದಕ್ಕೂ ಕೆಲಸವಿರಲಿಲ್ಲ.

ಮಾರನೆಯ ದಿನ ಲಕ್ಷ್ಮಿದೇವಮ್ಮ ಅವರೆಕಾಯಿ ಬುಟ್ಟಿ ಎತ್ತಿಕೊಂಡು ನಮ್ಮ ಜಗಲಿಗೆ ಬಂದರು. ಬದರಿನಾಥ ಇರುವುದು ಅವರ ಮಹಡಿಯಲ್ಲೇ. ಅವರ ಗಂಡ ಬೈರಣ್ಣನವರದು ಇಟ್ಟಮಡುವಿನ ಹಳೆಯ ಮನೆತನ. ನಮ್ಮ ಬೀದಿ ಇರುವ ಜಾಗದಲ್ಲಿ ಆಕೆ ರಾಗಿ ಕಳೆ ಕಿತ್ತವರು. ಈಗ ಮೂರು ಮನೆ ಬಾಡಿಗೆಗೆ ಬಿಟ್ಟಿದ್ದಾರೆ. ಅವರೆಕಾಳು ಬಿಡಿಸುವಾಗ ಅವರಿಗೆ ಜೊತೆ ಬೇಕು.

"ಹಂಸಮ್ಮ, ನೋಡ್ದಾ ಬಸ್‌ಸ್ಟ್ಯಾಂಡ್ ತಾವ ಅಂಟ್ಸಿದ್ರಲ್ಲ ಪೋಸ್ಟ್ರು?"

ನೋಡಿದ್ದೆ. ಲಿಖಿತಾಳ ಕೇಂದ್ರದವರೇ ಅಂಟಿಸಿದ್ದು. ಮಕ್ಕಳ ಬಗ್ಗೆ ಬೇಡದ ಯೋಚನೆ ಬರುತ್ತಿದೆಯೇ, ತಪ್ಪಾಗುವ ಮೊದಲು ನಮಗೆ ಕರೆ ಮಾಡಿ ಎಂದು ಬರೆದು ಕೆಳಗೆ ಫೋನ್ ನಂಬರ್ ಇತ್ತು.

"ನಾನೇ ಹರ್ದಾಕ್ದೆ," ಎಂದರು ಲಕ್ಷ್ಮಿದೇವಮ್ಮ. "ಮಹಿಳಾ ಸಂಘದೋರು ಐದಾರು ಜನ ಹೋಗಿದ್ವಿ. ಒಂದಕ್ಕೆ ಸಗಣಿ ಬಳಿದ್ವಿ. ಮಾತಾಡ್ಸಕ್ಕೆ ಬಂದ ಹುಡ್ಗಿಗೆ ಅಂದೆ, ಏನವ್ವಾ, ಈ ನನ್ಮಕ್ಳಿಗೆ ಡಾಕ್ಟ್ರು ಬೇರೆ ಕೇಡಾ? ಕಲ್ಲು ಕಟ್ಟಿ ಕೆರೆಗೆ ಹಾಕ್ಬೇಕು."

"ಹುಡುಗಿ ಏನಂದ್ಲು?"

"ಯಾವ ಕೆರೆ ಅಜ್ಜಿ, ನೀವೇ ಸೈಟ್ ಮಾಡಿ ಮಾರ್ಬಿಟ್ರಲ್ಲ ಅಂದ್ಲು. ಬಾಯಿ ಬಡ್ಕಿ." ಲಕ್ಷ್ಮಿದೇವಮ್ಮ ತಾವೇ ನಕ್ಕರು. ಅದು ಲಿಖಿತಾಳೇ ಇರಬೇಕು ಎಂದುಕೊಂಡೆ. "ಅದಿರ್ಲಿ, ನಮ್ ಬದರಿನಾಥಪ್ಪಂಗೆ ನಿಮ್ ಕಡೆ ಒಂದ್ ಹೆಣ್ಣಿದ್ರೆ ನೋಡಮ್ಮ. ಎಂಥಾ ಹುಡ್ಗ. ಆರು ವರ್ಷದಿಂದ ಅವ್ನೆ, ಒಂದಿನ ತಲೆ ಎತ್ತಿ ನೋಡಿಲ್ಲ ಯಾರ್ನೂ."

ಕಾಳು ಬಿಡಿಸುತ್ತಲೇ ಇದ್ದೆ. ಒಂದು ಮಾತು ಸಾಕಿತ್ತು. ಬೈರಣ್ಣನವರ ಮಗ ಕೆಂಪರಾಜು ಪಕ್ಕದ ಬೀದಿಯಲ್ಲೇ ಇದ್ದಾನೆ, ಹುಡುಗರ ದಂಡು ಕಟ್ಟಿಕೊಂಡು. ಹತ್ತು ನಿಮಿಷದಲ್ಲಿ ಬದರಿನಾಥ ಮೆಟ್ಟಿಲ ಮೇಲಿಂದ ಉರುಳಿ ಬೀಳುತ್ತಿದ್ದರು. ಆ ಸದ್ದನ್ನು ನಾನು ಮನಸ್ಸಿನಲ್ಲೇ ಕೇಳಿಸಿಕೊಂಡೆ. ಒಂದೊಂದು ಮೆಟ್ಟಿಲಿಗೂ. ಬಾಯಿ ಬಿಡದೆ ಸುಮ್ಮನಿದ್ದದ್ದು ಕರುಣೆಯಿಂದ ಎಂದು ಯಾರೂ ತಿಳಿಯಬಾರದು. ಹತ್ತು ನಿಮಿಷದಲ್ಲಿ ಮುಗಿದುಹೋಗುತ್ತಿತ್ತು. ನನಗೆ ಅಷ್ಟು ಬೇಗ ಮುಗಿಯುವುದು ಬೇಕಿರಲಿಲ್ಲ.

ಎರಡು ದಿನ ಬಿಟ್ಟು ಲಿಖಿತಾಳಿಗೆ ಫೋನ್ ಮಾಡಿದೆ. ಯಾರೆಂದು ಹೇಳಲಿಲ್ಲ. ಸುಮ್ಮನೆ ಕೇಳಿದೆ: ಇವರನ್ನೆಲ್ಲ ಹೀಗೆ ಹೊರಗೆ ಬಿಟ್ಟಿದ್ದೀರಲ್ಲ, ನಿಮಗೆ ಭಯವಿಲ್ಲವೇ ಎಂದು.

"ಅವರು ಮೊದ್ಲೂ ಹೊರಗೇ ಇದ್ರು ಮೇಡಂ," ಎಂದಳು. "ಈಗ ವಾರಕ್ಕೊಂದು ಗಂಟೆ ನಮ್ಮ ಮುಂದೆ ಬಂದು ಕೂರ್ತಾರೆ. ಏನಾದ್ರೂ ಮಾಡಿದೀನಿ ಅಂದ್ರೆ ಪೊಲೀಸ್‌ಗೆ ಹೇಳ್ಲೇಬೇಕು, ಕಾನೂನು ಹಾಗಿದೆ, ಅದನ್ನ ಮೊದಲ ದಿನಾನೇ ಅವರಿಗೆ ಹೇಳಿರ್ತೀವಿ. ಮಾಡದೇ ಇರೋನು ಮಾಡದೇ ಇರ್ಲಿ ಅಂತಾನೇ ಈ ಕೆಲಸ."

"ನಿಮಗೆ ಮಕ್ಕಳಿದಾರಾ?"

"ಇಲ್ಲ. ಎಲ್ಲರೂ ಅದನ್ನೇ ಕೇಳ್ತಾರೆ. ನಾನು ಮಗು ಆಗಿದ್ದೆ ಮೇಡಂ ಒಂದು ಕಾಲಕ್ಕೆ. ನಮ್ಮ ಮನೆಗೆ ಬರ್ತಿದ್ದೋನು ಯಾರ ಹತ್ರಾನಾದ್ರೂ ಮೊದ್ಲೇ ಹೋಗಿ ಹೇಳ್ಕೊಂಡಿದ್ದಿದ್ರೆ ಅಂತ ನನಗೆ ಅನ್ಸುತ್ತೆ. ನಿಮಗೆ ಹಾಗೆ ಅನ್ಸದೇ ಇರ್ಬಹುದು."

ನನಗೆ ಹಾಗೆ ಅನ್ನಿಸಲಿಲ್ಲ. ಫೋನಿಟ್ಟ ಮೇಲೆ ಅವಳ ಮೇಲೂ ಸಿಟ್ಟು ಬಂತು. ಅದೇ ಗಾಯ ಹೊತ್ತುಕೊಂಡು ಅವಳು ಅಲ್ಲಿಗೆ ಹೇಗೆ ಹೋಗಿ ನಿಂತಳು ಎಂದು.

ಸಂಕ್ರಾಂತಿಗೆ ನಾಲ್ಕು ದಿನ ಮೊದಲು ಗಾಂಧಿಬಜಾರಿಗೆ ಹೋಗಿ ಬೆಲ್ಲದಚ್ಚು, ಕೊಬ್ಬರಿ ತಂದೆ. ಕೊಬ್ಬರಿಯ ಕಪ್ಪು ಹೆರೆದು ತೆಳುವಾಗಿ ಸೀಳಿ, ಸೀಳಿದ್ದನ್ನು ಮತ್ತೆ ಸಣ್ಣಗೆ ಹೆಚ್ಚಬೇಕು. ಬೆಲ್ಲವನ್ನೂ ಹಾಗೆಯೇ. ಕೈ ಬೊಬ್ಬೆ ಏಳುವ ಕೆಲಸ. ನಚಿಕೇತ, "ರೆಡಿ ಸಿಗುತ್ತಲ್ಲ, ಯಾಕೆ ಒದ್ದಾಡ್ತೀಯಾ" ಎಂದರು. ಆ ವರ್ಷ ನನಗೆ ಚೂರಿ ಹಿಡಿದು ಕೂರುವುದು ಬೇಕಿತ್ತು. ಹೆಚ್ಚುತ್ತಾ ಹೆಚ್ಚುತ್ತಾ ಆಡಬೇಕಾದ ಮಾತುಗಳನ್ನು ಜೋಡಿಸಿಕೊಂಡೆ. ಬೀದಿಯ ವಾಟ್ಸ್ಯಾಪ್ ಗ್ರೂಪಿಗೆ ಒಂದು ಸಂದೇಶ ಬರೆದೆ. ಕಳಿಸದೆ ಫೋನಿನಲ್ಲಿ ಉಳಿಸಿಕೊಂಡೆ.

ಹಬ್ಬದ ಬೆಳಗ್ಗೆ ತನ್ಮಯಿ ಗೆಳತಿಯರ ಜೊತೆ ಹಿಂದಿನ ಬೀದಿಗೆ ಹೊರಟಳು. "ಆ ಅಂಕಲ್ ಡಬ್ಬಿ?" ಎಂದಳು. "ನಾನು ಕೊಡ್ತೀನಿ," ಎಂದೆ.

ಡಬ್ಬಿ ಹಿಡಿದು ರಸ್ತೆ ದಾಟಿ, ಹೊರಗಿನ ಮೆಟ್ಟಿಲ ಬುಡದ ಪುಟ್ಟ ಗೇಟಿನ ಚಿಲಕ ತೆಗೆದೆ. ಮೇಲಿನ ಕಿಟಕಿಯ ಹಿಂದಿನಿಂದ ದನಿ ಬಂತು.

"ಗೇಟ್ ಹತ್ರ ಇಟ್ಬಿಡಮ್ಮ."

"ಮಗು ಬಂದಿಲ್ಲ. ನಾನು, ಹಂಸಾ." ಮೆಟ್ಟಿಲು ಹತ್ತಿ ಬಾಗಿಲ ಮುಂದೆ ನಿಂತೆ. "ಬಾಗ್ಲು ತೆಗೀರಿ."

"ಸ್ನಾನಕ್ಕೆ ಹೊರಟಿದ್ದೆ ಮೇಡಂ. ಅಲ್ಲೇ ಇಟ್ಟಿರಿ, ಆಮೇಲೆ..."

"ನಲ್ಲಿ ಆಮೇಲೆ ಬಿಟ್ಕೊಳ್ಳಿ."

ಒಳಗೆ ಚಿಲಕ ಸರಿದ ಸದ್ದಾಯಿತು. ಆಮೇಲೆ ಬಾಗಿಲು ತೆರೆಯಿತು.

ಒಂದು ಮಂಚ, ಒಂದು ಕುರ್ಚಿ, ಗೋಡೆಯಲ್ಲಿ ಒಂದು ಕ್ಯಾಲೆಂಡರು. ಬೀದಿಯ ಕಡೆಯ ಕಿಟಕಿಗೆ ದಪ್ಪ ಪರದೆ. ಅವರು ಹೆಗಲ ಮೇಲಿನ ಟವೆಲನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದರು. ಡಬ್ಬಿಯನ್ನು ಕುರ್ಚಿಯ ಮೇಲಿಟ್ಟೆ. ಆಮೇಲೆ ಅವರ ಮಾತುಗಳನ್ನೇ ಅವರಿಗೆ ಹೇಳಿದೆ. ಮಕ್ಕಳಿಲ್ಲದ ಮನೆ ನೋಡಿ ಹಿಡಿದೆ, ಕೈಕಾಲು ತಣ್ಣಗಾಯ್ತು, ಒಂದು ಸುಳ್ಳು ಹೇಳಿದೆ, ಚಿಲಕ ಹಾಕ್ಕೊಂಡು ನಿಂತ್ಕೋತೀನಿ. ಒಂದು ಪದವೂ ತಪ್ಪಲಿಲ್ಲ. ಮೂರು ವಾರದಲ್ಲಿ ಅದು ನನಗೆ ಬಾಯಿಪಾಠವಾಗಿತ್ತು. ಒಂದೊಂದು ವಾಕ್ಯಕ್ಕೂ ಅವರ ಮುಖದ ಬಣ್ಣ ಇಳಿಯುವುದನ್ನು ನೋಡಿದೆ. ಕೊನೆಗೆ ಮಂಚದ ಅಂಚಿಗೆ ಕುಸಿದು ಕೂತರು. ನನಗೆ ಅದು ಚೆನ್ನಾಗಿತ್ತು. ಸುಳ್ಳೇಕೆ ಹೇಳಲಿ.

"ಅಲ್ಲಿ ಹೆಸರು ಹೊರಗೆ ಬರಲ್ಲ ಅಂದಿದ್ರು," ಎಂದರು.

"ಹೆಸರು ಬರ್ಲಿಲ್ಲ. ನನ್ನ ಡಬ್ಬಿ ಬಂತು."

"ನಾನು ಏನೂ ಮಾಡಿಲ್ಲ ಮೇಡಂ."

"ಗೊತ್ತು. ಮಗೂನ ಕೇಳಿದೀನಿ. ಮಾಡಿದ್ದಿದ್ರೆ ನಾನು ಎಳ್ಳು ತರ್ತಿರ್ಲಿಲ್ಲ."

ಅವರು ನೆಲ ನೋಡುತ್ತಾ ಹೇಳಿದರು: "ಮಗೂನ ಕಳಿಸ್ಬೇಡಿ ಅಂತ ಹೇಳೋಕೆ ಎರಡು ಸಲ ನಿಮ್ಮ ಗೇಟ್‌ವರ್ಗೂ ಬಂದಿದ್ದೆ. ಯಾಕೆ ಅಂತ ನೀವು ಕೇಳಿದ್ರೆ ಏನು ಹೇಳ್ಲಿ?"

ಆ ಪ್ರಶ್ನೆ ಕೇಳಿ ನನ್ನ ಸಿಟ್ಟು ಇಮ್ಮಡಿಯಾಯಿತು.

"ನಾಳೆನೇ ಮನೆ ಖಾಲಿ ಮಾಡ್ತೀನಿ," ಎಂದರು.

"ಮಾಡೋ ಹಾಗಿಲ್ಲ."

ಮೊದಲ ಸಲ ತಲೆ ಎತ್ತಿ ನನ್ನನ್ನು ನೋಡಿದರು.

"ಎಲ್ಲಿಗೆ ಹೋಗ್ತೀರಾ? ಇನ್ನೊಂದು ಬೀದಿಗೆ. ಅಲ್ಲೂ ನನ್ನಂಥೋಳು ಒಬ್ಳು ಇರ್ತಾಳೆ, ಪಾಪ ಅಂತ ಮಗು ಕೈಲಿ ಡಬ್ಬಿ ಕಳಿಸೋಳು. ನೀವು ಇಲ್ಲೇ ಇರ್ಬೇಕು, ನನ್ನ ಕಣ್ಣ ಮುಂದೆ. ಆ ಪರದೆ ತೆಗೀರಿ. ಕಿಟಕಿ ತೆಗೆದಿರ್ಬೇಕು. ಮೂರು ವಾರದಿಂದ ನೋಡ್ತಿದೀನಿ, ಗುರುವಾರ ಗುರುವಾರ ಅಲ್ಲಿಗೆ ಹೋಗ್ತೀರಲ್ಲ, ಒಂದು ವಾರಾನೂ ತಪ್ಪಿಸೋ ಹಾಗಿಲ್ಲ. ನಾಲ್ಕೂವರೆಗೆ ನಿಮ್ಮ ಗಾಡಿ ಹೊರಡೋದು ನನಗೆ ಕಾಣ್ಬೇಕು. ನಾನು ಇಲ್ಲಿಗೆ ಬಂದಿದ್ದು ಅಲ್ಲಿ ಯಾರಿಗೂ ಗೊತ್ತಾಗ್ಬಾರ್ದು. ತಪ್ಪಿದ್ರೆ, ಬೀದಿ ಗ್ರೂಪಲ್ಲಿ ನೂರಾ ಹನ್ನೆರಡು ಜನ ಇದಾರೆ." ಫೋನ್ ತೆಗೆದು ಬರೆದಿಟ್ಟ ಸಂದೇಶ ತೋರಿಸಿದೆ. "ಕೆಂಪರಾಜು ಕೂಡ ಅದ್ರಲ್ಲಿದಾನೆ."

ಅವರು ಓದಿದರು.

"ಎಷ್ಟು ದಿನ ಮೇಡಂ?"

"ನಿಮಗೆಷ್ಟು ವಯಸ್ಸು?"

"ನಲವತ್ತೊಂದು."

"ಹಾಗಾದ್ರೆ ಇನ್ನೂ ತುಂಬಾ ದಿನ ಇದೆ."

ಹೊರಡಲು ತಿರುಗಿದಾಗ ಅವರು ಮೆಲ್ಲಗೆ ಕೇಳಿದರು, "ಯಾರು ಮೇಡಂ ಅವರು?"

"ಯಾರು?"

"ನಿಮಗೆ... ಯಾರೋ. ನನ್ನ ಮೇಲೆ ಇಷ್ಟೊಂದು ಸಿಟ್ಟು ಬರೋ ಅಷ್ಟು ನಾನು ನಿಮಗೆ ಗೊತ್ತೇ ಇಲ್ಲ."

ಬಾಗಿಲ ಚೌಕಟ್ಟು ಹಿಡಿದುಕೊಂಡೆ. "ಅವರು ಸತ್ತುಹೋದ್ರು," ಎಂದೆ. "ನೀವು ಬದುಕಿದೀರಿ."

ಮನೆಗೆ ಬಂದು ಹುಗ್ಗಿಗೆ ಒಗ್ಗರಣೆ ಹಾಕಿದೆ. ಎಲ್ಲರಿಗೂ ಬಡಿಸಿ ನಾನೂ ಕೂತೆ. ಎರಡು ಸಲ ಹಾಕಿಸಿಕೊಂಡು ತಿಂದೆ. ತುಪ್ಪದ ರುಚಿ ಅಷ್ಟು ಸ್ಪಷ್ಟವಾಗಿ ನಾಲಿಗೆಗೆ ಸಿಕ್ಕಿ ಎಷ್ಟೋ ವರ್ಷವಾಗಿತ್ತು. ಮಧ್ಯಾಹ್ನ ಅಡಿಗೆಮನೆಯ ಕಿಟಕಿಯಿಂದ ನೋಡಿದೆ. ಎದುರು ಮಹಡಿಯ ಪರದೆ ಇರಲಿಲ್ಲ.

ಆಮೇಲೆ ಒಂದು ಕ್ರಮ ಬಂತು. ಪಾತ್ರೆ ತೊಳೆಯುವಾಗ, ಬಟ್ಟೆ ಒಣಗಿಸುವಾಗ, ಹಾಲು ಉಕ್ಕುವುದನ್ನು ಕಾಯುವಾಗ, ಕಣ್ಣು ಆ ಕಡೆ ಹೋಗುತ್ತಿತ್ತು. ಅವರು ಕಿಟಕಿಯ ಎದುರು ಕೂತು ಕೆಲಸ ಮಾಡುತ್ತಿದ್ದರು. ತಲೆ ಎತ್ತುತ್ತಿರಲಿಲ್ಲ. ನಾನು ನೋಡುತ್ತಿದ್ದೇನೆ ಎಂಬುದು ಅವರ ಭುಜಕ್ಕೆ ಗೊತ್ತಾಗುತ್ತಿತ್ತು. ಗುರುವಾರ ನಾಲ್ಕೂವರೆಗೆ ಸರಿಯಾಗಿ ಸ್ಕೂಟರ್ ಹೊರಡುತ್ತಿತ್ತು. ತನ್ಮಯಿಗೆ ಆ ಕಡೆಯ ಫುಟ್‌ಪಾತಿನ ಮೇಲೆ ಕಾಲಿಡಬೇಡ ಎಂದು ಹೇಳಿದ್ದೆ. ನಾಯಿ ಕಚ್ಚುತ್ತದೆ ಎಂದು ನೆಪ. ನಚಿಕೇತ ಅವರಿಗೆ ಹೇಳಲಿಲ್ಲ. ಹೇಳಿದರೆ ಒಂದೋ ಪೊಲೀಸ್ ಸ್ಟೇಷನ್ನಿಗೆ ಹೋಗುತ್ತಿದ್ದರು, ಇಲ್ಲವೇ ಬೈರಣ್ಣನವರ ಹತ್ತಿರ. ಹೇಗಾದರೂ ಆತ ನನ್ನ ಕೈಬಿಟ್ಟು ಹೋಗುತ್ತಿದ್ದ.

"ನಮ್ ಬದರಿನಾಥಪ್ಪ ಸೊರಗೋಗವ್ನೆ ಕಣಮ್ಮ," ಎಂದರು ಲಕ್ಷ್ಮಿದೇವಮ್ಮ. "ಊಟ ಸರಿಯಾಗಿ ಮಾಡಾಕಿಲ್ಲ. ಪರದೆ ಯಾಕಪ್ಪ ತೆಗ್ದೆ, ಬಿಸ್ಲು ಬತ್ತದೆ ಅಂದ್ರೆ, ಗಾಳಿ ಬೇಕಮ್ಮ ಅಂತಾನೆ."

"ಬೇಸಿಗೆ ಅಲ್ವಾ ಆಂಟಿ," ಎಂದೆ.

ಮಾರ್ಚ್ ಮೊದಲ ವಾರ ಲಿಖಿತಾ ಫೋನ್ ಮಾಡಿದಳು. ಹೊಸ ಧ್ವನಿಮುದ್ರಣಗಳನ್ನು ಕಳಿಸಿದ್ದಳು, ಅದನ್ನು ಹೇಳಲು.

"ಏಳನೇ ನಂಬರ್‌ದು ಇನ್ನು ಬರಲ್ಲ ಮೇಡಂ."

ಕೈಯಲ್ಲಿದ್ದ ಲಟ್ಟಣಿಗೆ ಕೆಳಗಿಟ್ಟೆ. "ಯಾಕೆ? ಅವರು ಬರ್ತಿಲ್ವಾ?"

"ಬರ್ತಾರೆ. ಒಂದು ವಾರಾನೂ ತಪ್ಪಿಸಿಲ್ಲ. ಆದ್ರೆ ಮಾತಾಡಲ್ಲ. ಬಂದು ಕೂರ್ತಾರೆ, ಗಡಿಯಾರ ನೋಡ್ತಾರೆ, ಒಂದು ಗಂಟೆ ಆದ್ಮೇಲೆ ಎದ್ದು ಹೋಗ್ತಾರೆ. ಮೆಷಿನ್ ಆಫ್ ಮಾಡಿ ಕೂತ್ರೂ ಅಷ್ಟೇ. ಅವರು ಬಾಯಿ ಬಿಡೋಕೆ ನಮಗೆ ಎರಡು ವರ್ಷ ಬೇಕಾಗಿತ್ತು ಮೇಡಂ." ಅವಳ ದನಿ ದಣಿದಿತ್ತು. "ಮನಸ್ಸಿಗೆ ಕಷ್ಟ ಆದ ದಿನ ಮುಂಚೆ ಫೋನ್ ಮಾಡಿ ಹೇಳ್ಕೊಳ್ಳೋರು. ಅದೂ ನಿಂತುಹೋಗಿದೆ. ಯಾರೋ ಹೆದರಿಸಿದಾರೆ ಅಂತ ನಮ್ಮ ಡಾಕ್ಟ್ರು ಹೇಳ್ತಾರೆ."

"ಇರ್ಬಹುದು," ಎಂದೆ.

"ಹೀಗೆ ಒಳಗೇ ಇಟ್ಕೊಂಡು ಕೂತ್ರೆ ನಮಗೇ ಭಯ."

ಫೋನಿಟ್ಟು ಚಪಾತಿ ಲಟ್ಟಿಸಿದೆ. ಒಂದೂ ದುಂಡಗಾಗಲಿಲ್ಲ. ನಾನು ಮಾಡಿದ್ದೇನು ಎಂದು ಅ ಆ ಇ ಈ ಅಷ್ಟು ಸರಳವಾಗಿ ಗೊತ್ತಾಗಿತ್ತು. ಆ ಮನುಷ್ಯ ತನ್ನ ಬಾಗಿಲಿಗೆ ತಾನೇ ಚಿಲಕ ಹಾಕಿಕೊಂಡಿದ್ದ. ನಾನು ಹೋಗಿ ಅದನ್ನು ತೆಗೆಸಿ, ನನ್ನ ಬೀಗ ಜಡಿದು ಬಂದಿದ್ದೆ. ರಸ್ತೆ ದಾಟಿ ಹೋಗಿ, "ನಾನು ಯಾರಿಗೂ ಹೇಳಲ್ಲ, ಅಲ್ಲಿ ಮೊದಲಿನ ಹಾಗೆ ಮಾತಾಡಿ" ಎಂದರೆ ಬಹುಶಃ ಸಾಕಿತ್ತು. ಮಕ್ಕಳಿಗೆ ಅದೇ ಒಳ್ಳೆಯದಿತ್ತು, ನನ್ನ ಮಗುವಿಗೂ. ಎರಡು ಸಲ ಚಪ್ಪಲಿ ಮೆಟ್ಟಿಕೊಂಡು ನಮ್ಮ ಗೇಟಿನವರೆಗೆ ಹೋದೆ. ಎರಡು ಸಲವೂ ಅಪ್ಪ ಎದ್ದು ನಿಂತು ಗುಣಗಾನ ಮಾಡಿದ ದಿನ ಕಣ್ಣ ಮುಂದೆ ಬಂತು, ದೊಡ್ಡಪ್ಪನ ಫೋಟೋಗೆ ಹಾಕಿದ್ದ ಸುಗಂಧರಾಜದ ಹಾರ, ಮೊಮ್ಮಕ್ಕಳ ಸಾಲು. ಒಬ್ಬನಾದರೂ ಒದ್ದಾಡಲಿ ಎನ್ನಿಸಿತು. ಚಪ್ಪಲಿ ಕಳಚಿ ಒಳಗೆ ಬಂದೆ.

ಯುಗಾದಿ ಕಳೆದ ವಾರ ನಚಿಕೇತ ಊಟಕ್ಕೆ ಕೂತಾಗ ಹೇಳಿದರು: "ನಮ್ಮ ಆಫೀಸಿನ ಗುರುಬಸಪ್ಪ ಪುಣೆಗೆ ಹೋಗ್ತಿದಾರೆ. ಜೆ.ಪಿ. ನಗರದಲ್ಲಿ ಅವರ ಫ್ಲಾಟ್ ನಮಗೆ ಬಾಡಿಗೆಗೆ ಕೊಡ್ತೀನಿ ಅಂತಾರೆ. ಮೂರು ರೂಮು. ತನ್ಮಯಿ ಸ್ಕೂಲಿಗೆ ನಡ್ಕೊಂಡೇ ಹೋಗ್ಬಹುದು."

"ನನಗೆ ಸೆಪರೇಟ್ ರೂಮಾ ಅಪ್ಪ?" ತನ್ಮಯಿ ಕುರ್ಚಿಯ ಮೇಲೆ ಎದ್ದು ನಿಂತಳು.

"ಹೂಂ. ಕೆಳಗೆ ಪಾರ್ಕ್ ಬೇರೆ ಇದೆ. ರಸ್ತೆ ದಾಟ್ಬೇಕಿಲ್ಲ, ನಿಮ್ಮಮ್ಮನ ನಾಯಿನೂ ಇಲ್ಲ."

"ಬೇಡ," ಎಂದೆ.

ಇಬ್ಬರೂ ನನ್ನನ್ನು ನೋಡಿದರು. ನನ್ನ ಬಾಯಿಂದ ಅಷ್ಟು ಜೋರಾಗಿ ಅದು ಬಂದದ್ದು ನನಗೂ ಆಶ್ಚರ್ಯ.

"ಯಾಕೆ ಹಂಸಾ? ನೀನೇ ಅಲ್ವಾ ಎರಡು ವರ್ಷದಿಂದ ಹೇಳ್ತಿದ್ದಿದ್ದು, ಜಾಗ ಸಾಲಲ್ಲ ಅಂತ?"

"ಅಲ್ಲಿ ನೀರಿನ ಕಷ್ಟ ರೀ. ಟ್ಯಾಂಕರ್‌ಗೆ ಕಾಯ್ಬೇಕು. ಇಲ್ಲಿ ಎಲ್ಲರೂ ಗೊತ್ತಿರೋರು."

"ಗುರುಬಸಪ್ಪ ಏನೂ ಕಷ್ಟ ಇಲ್ಲ ಅಂದ್ರಲ್ಲ."

"ಬೇಡ ಅಂದ್ನಲ್ಲ."

ಅವರು ಒಪ್ಪಿಕೊಂಡರು. ನಾನು ಬೇಡ ಎನ್ನುವುದು ಅಪರೂಪ, ಅದಕ್ಕೇ ಒಪ್ಪಿಕೊಂಡರು. ತನ್ಮಯಿ ತಟ್ಟೆಯಲ್ಲಿ ಅನ್ನ ಹಾಗೇ ಬಿಟ್ಟು ಎದ್ದುಹೋದಳು. ಅವಳ ತಟ್ಟೆ ಎತ್ತುವಾಗ ನನಗೆ ಗೊತ್ತಿತ್ತು: ಮಗುವನ್ನಷ್ಟೇ ಮನಸ್ಸಿನಲ್ಲಿಟ್ಟುಕೊಂಡ ತಾಯಿಯಾಗಿದ್ದರೆ ಆ ಕ್ಷಣವೇ ಅಟ್ಟದಿಂದ ರಟ್ಟಿನ ಪೆಟ್ಟಿಗೆಗಳನ್ನು ಇಳಿಸುತ್ತಿದ್ದೆ. ನಾವು ಹೊರಟರೆ ಅವನೂ ಹೊರಡುತ್ತಾನೆ. ಬಿಡುಗಡೆಯಾಗಿಬಿಡುತ್ತಾನೆ.

ಮಾರನೆಯ ದಿನ ಗುರುವಾರ. ತನ್ಮಯಿ ಶಾಲೆಯಿಂದ ಬಂದು ಮಾತಾಡದೆ ಸೋಫಾದ ಮೇಲೆ ಬಿದ್ದುಕೊಂಡಿದ್ದಳು. ನಾನು ಅಡಿಗೆಮನೆಯ ಕಿಟಕಿಯಲ್ಲಿದ್ದೆ. ನಾಲ್ಕೂವರೆ ಆಯಿತು. ಎದುರುಮನೆಯ ಬಾಗಿಲು ತೆರೆಯಲಿಲ್ಲ. ನಾಲ್ಕು ಮೂವತ್ತೆರಡು. ಫೋನ್ ತೆಗೆದು ಆ ಸಂದೇಶ ತೆರೆದಿಟ್ಟುಕೊಂಡೆ.

"ಅಮ್ಮಾ, ಹಸಿವು," ಎಂದಳು ತನ್ಮಯಿ. ನಿನ್ನೆಯಿಂದ ನನ್ನ ಜೊತೆ ಆಡಿದ ಮೊದಲ ಮಾತು.

"ಒಂದ್ನಿಮಿಷ ಇರು."

"ನೀನು ಅಲ್ಲೇನು ನೋಡ್ತಿರ್ತೀಯಾ ಯಾವಾಗ್ಲೂ?"

"ಇರು ಅಂದ್ನಲ್ಲ."

ಬಾಗಿಲು ತೆರೆಯಿತು. ಬದರಿನಾಥ ಹೆಲ್ಮೆಟ್ ಹಿಡಿದು, ಗೋಡೆಗೆ ಕೈ ಕೊಟ್ಟು, ಒಂದೊಂದೇ ಮೆಟ್ಟಿಲು ಇಳಿದರು. ಮೈಯಲ್ಲಿ ಹುಷಾರಿರಲಿಲ್ಲವೇನೋ. ಸ್ಕೂಟರ್ ಎರಡು ಸಲ ಒದ್ದ ಮೇಲೆ ಚಾಲೂ ಆಯಿತು. ಬೀದಿಯ ತಿರುವಿನಲ್ಲಿ ಮರೆಯಾಗುವವರೆಗೆ ನೋಡಿದೆ. ಹಿಂದಿನಿಂದ ತನ್ಮಯಿ ತಾನೇ ಸ್ಟೂಲ್ ಎಳೆದುಕೊಂಡು ಹತ್ತಿ ಬಿಸ್ಕತ್ತಿನ ಡಬ್ಬಿ ತೆಗೆಯುವ ಸದ್ದು ಕೇಳಿಸಿತು.

ಐದು ನಿಮಿಷ ತಡ. ನಾಳೆ ಹೋಗಿ ಕೇಳಬೇಕು.